ಕೊಲುಕ್ಕುಮಲೈ ಅಂತ ದುಡ್ಡು ಕೊಟ್ಟು ರಸ್ತೆ ಬದಿಯ ಸೂರ್ಯೋದಯ ನೋಡಿ ಬಂದೆವು: ಮುನ್ನಾರ್ ಹೊರಟವರು ಓದಿ

ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ನಮ್ಮವರು ಡಿಸೆಂಬರ್ ರಜೆಗೆ ಮುನ್ನಾರ್ ಬುಕ್ ಮಾಡುವ ಸಮಯ ಇದು. ದುಡ್ಡು ಕಳಿಸುವ ಮೊದಲು ಇದನ್ನೊಮ್ಮೆ ಓದಿ ಮಾರಾಯ್ರೆ.

ನಮ್ಮ ಸಂಘದ ವಾಟ್ಸಾಪ್ ಗ್ರೂಪಿಗೇ ಬಂದ ಪ್ಯಾಕೇಜ್. ಕಳಿಸಿದ ಏಜೆಂಟನದ್ದು ಕನ್ನಡದಲ್ಲೇ ಮಾತು, ಮಾತಿಗೊಮ್ಮೆ "ಅಣ್ಣ". ಊರು ಕೇಳಿದರೆ ನಮ್ಮ ಪಕ್ಕದ ಊರೇ. ಹಾಗಾಗಿ ಬಿಲ್ ಕೇಳಲಿಲ್ಲ. ಕೇಳಬೇಕಿತ್ತು, ಕೇಳಲಿಲ್ಲ. ದುಡ್ಡು ಹೋದದ್ದೂ ಅವನ ಸ್ವಂತ ಯುಪಿಐಗೆ.

ಫೋನಿನಲ್ಲಿ ಹೇಳಿದ್ದು: "ಕೊಲುಕ್ಕುಮಲೈ ಸೂರ್ಯೋದಯ, ಜೀಪ್ ಎಲ್ಲ ಸೇರಿ ತಲೆಗೆ 900." 6 ಜನ, 5,400 ರೂಪಾಯಿ. ಆಮೇಲೆ ಕಳಿಸಿದ ಪಿಡಿಎಫ್‌ನಲ್ಲಿ ಇದ್ದದ್ದು: "ಸನ್‌ರೈಸ್ ವ್ಯೂ ಪಾಯಿಂಟ್, ಜೀಪ್/ವಾಹನ ಸಹಿತ." ನಡುವೆ ಒಂದು ಗೆರೆ ಉಂಟಲ್ಲ, ಜೀಪಿಗೂ ವಾಹನಕ್ಕೂ ನಡುವೆ, ಆ ಗೆರೆಯಲ್ಲೇ ನಮ್ಮ 5,400 ಹೋಯಿತು.

ಗೊತ್ತಿಲ್ಲದವರಿಗೆ: ಕೊಲುಕ್ಕುಮಲೈ ಅಂದರೆ ಚಹಾ ತೋಟದ ಬೆಟ್ಟ, ಇರುವುದು ತಮಿಳುನಾಡಿನ ತೇಣಿ ಜಿಲ್ಲೆಯಲ್ಲಿ, ಸುಮಾರು 7,900 ಅಡಿ ಎತ್ತರದಲ್ಲಿ. ಆದರೆ ವಾಹನ ಹತ್ತುವ ದಾರಿ ಕೇರಳದ ಸೂರ್ಯನೆಲ್ಲಿಯಿಂದ. ಮುನ್ನಾರಿನಿಂದ ಸೂರ್ಯನೆಲ್ಲಿ ಸುಮಾರು 25 ಕಿ.ಮೀ., ಎಲ್ಲ ತಿರುವು, ಕತ್ತಲಲ್ಲಿ ಒಂದು ಗಂಟೆ ಹಿಡಿಯಿರಿ. ಟೆಂಪೋ ಟ್ರಾವೆಲರ್, ಕಾರು ಎಲ್ಲ ಅಲ್ಲೇ ನಿಲ್ಲುತ್ತವೆ. ಮೇಲಿನ ಹತ್ತು ಹನ್ನೆರಡು ಕಿ.ಮೀ. ಚಹಾ ತೋಟದ ನಡುವಿನ ಕಲ್ಲಿನ ದಾರಿ, ಫೋರ್ ವೀಲ್ ಜೀಪ್ ಮಾತ್ರ ಹತ್ತುತ್ತದೆ, ಅದಕ್ಕೂ ಒಂದು ಗಂಟೆಗೆ ಮೇಲೆ ಬೇಕು. ಸೊಂಟದ ತೊಂದರೆ ಇದ್ದವರು, ಬಸುರಿಯರು ಆ ಜೀಪಿಗೆ ಹತ್ತಲೇಬಾರದು, ಅಷ್ಟು ಕುಲುಕುತ್ತದೆ. ಇದನ್ನೂ ಅವನು ಹೇಳಿರಲಿಲ್ಲ. ಹೇಳುವುದು ಯಾಕೆ, ಜೀಪೇ ಇಲ್ಲವಲ್ಲ!

ಈಗ ಲೆಕ್ಕ ಹಾಕಿ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಆರೂವರೆ ಹೊತ್ತಿಗೆ. ನಮ್ಮ ಮುಂಬೈಯಲ್ಲಿ ಏಳು ದಾಟುತ್ತದೆ, ಆ ಅಭ್ಯಾಸದಲ್ಲಿ ಯಾರೂ ಯೋಚಿಸುವುದಿಲ್ಲ. ಪೂರ್ವ ಕೆಂಪಾಗುವುದನ್ನು ನೋಡಬೇಕಾದರೆ ಆರು ಗಂಟೆಗೆ ಮೇಲಿರಬೇಕು. ಅಂದರೆ ನಾಲ್ಕೂವರೆಗೆ ಜೀಪ್ ಹೊರಡಬೇಕು, ಸೂರ್ಯನೆಲ್ಲಿಯ ಜೀಪ್ ಕೌಂಟರಿನ ಸಾಲಿಗೆ ಅರ್ಧ ಗಂಟೆ ಬಿಡಿ, ಮುನ್ನಾರಿನ ಹೋಟೆಲು ಮೂರಕ್ಕೆ ಬಿಡಬೇಕು. ನಮ್ಮ ಡ್ರೈವರ್ ಬಂದದ್ದು ಐದಕ್ಕೆ. ಐದಕ್ಕೆ! ಆಗಲೇ ಗೊತ್ತಾಗಬೇಕಿತ್ತು.

ಐದೂ ಮುಕ್ಕಾಲಕ್ಕೆ ಗಾಡಿ ನಿಂತಿತು. ಡಾಮರು ರಸ್ತೆ, ಬದಿಯಲ್ಲಿ ತಡೆಗೋಡೆ, ಹತ್ತಿಪ್ಪತ್ತು ಕಾರು. "ಸನ್‌ರೈಸ್ ಪಾಯಿಂಟ್, ಇಳೀರಿ." ಇಳಿದೆವು. ಕೆಂಪು ಆಕಾಶ, ಕೆಳಗೆ ಚಹಾ ತೋಟ, ಚಂದವೇ ಇತ್ತು. ಫೋಟೋ ತೆಗೆದು "ಕೊಲುಕ್ಕುಮಲೈ, 7,900 ಅಡಿ" ಅಂತ ಸ್ಟೇಟಸ್ಸೂ ಹಾಕಿ ಆಯಿತು. ಆಮೇಲೆ ಚಹಾ ಮಾರುವವನ ಹತ್ತಿರ, ಕೊಲುಕ್ಕುಮಲೈಯ ಹಳೇ ಚಹಾ ಫ್ಯಾಕ್ಟರಿ ಎಲ್ಲಿ ಅಂತ ಕೇಳಿದೆ. ಅವನು ಗ್ಲಾಸ್ ಕೆಳಗಿಟ್ಟು ಮುಖ ನೋಡಿದ. ತಮಿಳಿನಲ್ಲಿ ಹೇಳಿದ್ದು ಅರ್ಧ ಅರ್ಥವಾಯಿತು, ಅಷ್ಟೇ ಸಾಕಾಯಿತು: ಇದು ಲಾಕ್‌ಹಾರ್ಟ್ ಗ್ಯಾಪ್. ಕೊಲುಕ್ಕುಮಲೈಗೆ ಸೂರ್ಯನೆಲ್ಲಿಗೆ ಹೋಗಿ ಜೀಪ್ ಹತ್ತಬೇಕು.

ಲಾಕ್‌ಹಾರ್ಟ್ ಗ್ಯಾಪ್ ಮುನ್ನಾರಿನಿಂದ ಬರೀ 13 ಕಿ.ಮೀ., ಸೂರ್ಯನೆಲ್ಲಿಗೆ ಹೋಗುವ ಹೆದ್ದಾರಿಯ ಮೇಲೇ ಉಂಟು. ಅರ್ಧ ದಾರಿಯಲ್ಲಿ ಇಳಿಸಿದ್ದಾನೆ. ಜಾಗಕ್ಕೆ ಬೈಯುವುದಿಲ್ಲ, ಆದರೆ ಅದು ರಸ್ತೆ ಬದಿ. ಬಿಟ್ಟಿ. ಬಿಟ್ಟಿ ಜಾಗಕ್ಕೆ ತಲೆಗೆ 900.

ಏಜೆಂಟನಿಗೆ ಫೋನ್ ಮಾಡಿದರೆ ಸಿಕ್ಕ ಉತ್ತರಗಳನ್ನು ಹಾಗೇ ಬರೆಯುತ್ತೇನೆ.

"ಬೇಜಾರು ಮಾಡ್ಬೇಡಿ ಅಣ್ಣ, ಮೇಲೆ ಮಂಜು ಜಾಸ್ತಿ ಅಂತ ನಿಮ್ಮ ಸೇಫ್ಟಿಗೇ ಬದಲಾಯಿಸಿದ್ದು." ಇದಕ್ಕೆ ಸಿಟ್ಟು ಬಂದಷ್ಟು ಇನ್ಯಾವುದಕ್ಕೂ ಬರಲಿಲ್ಲ. ಜನ ಮೇಲೆ ಹತ್ತುವುದೇ ಮಂಜು ನೋಡಲಿಕ್ಕೆ! ಮೋಡವಿಲ್ಲದ, ಗಾಳಿಯಿಲ್ಲದ ಚಳಿಗಾಲದ ರಾತ್ರಿ ತಣ್ಣನೆ ಗಾಳಿ ಇಳಿದು ಕಣಿವೆ ತುಂಬುತ್ತದೆ, ಅಲ್ಲಿ ಮಂಜು ಕಟ್ಟುತ್ತದೆ. ಬೆಟ್ಟದ ತಲೆ ಬಯಲು, ಮಂಜೆಲ್ಲ ಕಾಲ ಕೆಳಗೆ. ಮೇಲೂ ಏನೂ ಕಾಣದಂತೆ ಮುಚ್ಚುವುದು ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲದಲ್ಲಿ.

"ಪಿಡಿಎಫ್ ನೋಡಿ ಅಣ್ಣ, ಕೊಲುಕ್ಕುಮಲೈ ಅಂತ ಎಲ್ಲಿ ಬರೆದಿದೆ?" ಇಲ್ಲ. ಎಲ್ಲೂ ಇಲ್ಲ. ಮೂರು ಸಲ ಓದಿದೆ.

ಆಮೇಲೆ ಇದು: "ಅಲ್ಲೂ ಚಹಾ ತೋಟ, ಇಲ್ಲೂ ಚಹಾ ತೋಟ. ಸೂರ್ಯ ಒಬ್ಬನೇ ಅಲ್ವಾ ಅಣ್ಣ?"

ಇದಕ್ಕೆ ಎಂತ ಹೇಳುವುದು!

ಹಟಕ್ಕೆ ಬಿದ್ದು ಸೂರ್ಯನೆಲ್ಲಿಗೆ ಹೋದೆವು, ಡ್ರೈವರ್ ಅದಕ್ಕೂ ಡೀಸೆಲ್ ಅಂತ 600 ಕೇಳಿದ. ಕೌಂಟರಿನಲ್ಲಿ ನೋಡಿದರೆ ದರ ಜೀಪಿಗೆ, ತಲೆಗಲ್ಲ. ಒಂದು ಜೀಪಿಗೆ 6 ಜನ. ತೋಟದ ಪ್ರವೇಶ ಟಿಕೆಟ್ ಮಾತ್ರ ಬೇರೆ. ಅಂದರೆ "ತಲೆಗೆ ಇಷ್ಟು" ಅಂದವನು ಜೀಪಿನ ವಿಷಯದಲ್ಲಿ ಮೊದಲ ಮಾತಿಗೇ ಸುಳ್ಳು ಹೇಳಿದ ಹಾಗೆ. ಅಷ್ಟರಲ್ಲಿ ಎಂಟು ಗಂಟೆ, ಬಿಸಿಲು ಏರಿತ್ತು, ಮೇಲೆ ಹೋದವರ ಜೀಪುಗಳು ಇಳಿದು ಬರುತ್ತಿದ್ದವು. ವಾಪಸು ಬಂದೆವು. ದಾರಿಯಲ್ಲಿ ಕೇಳದೆಯೇ ಮಸಾಲೆ ಅಂಗಡಿಗೆ ಕರೆದೊಯ್ದು ಒಂದು ಗಂಟೆ ನಿಲ್ಲಿಸಿದ, ಅದಕ್ಕೆ ಮಾತ್ರ ಸಮಯ ಇತ್ತು.

ಹೋಗುವವರು ಸೂರ್ಯನೆಲ್ಲಿ ಅಥವಾ ಚಿನ್ನಕ್ಕನಾಲಿನಲ್ಲೇ ರಾತ್ರಿ ಉಳಿಯಿರಿ, ಒಂದು ಗಂಟೆ ನಿದ್ದೆ ಉಳಿಯುತ್ತದೆ. ಜೀಪನ್ನು ಪ್ಯಾಕೇಜಿನಲ್ಲಿ ಸೇರಿಸಬೇಡಿ, ಅಲ್ಲೇ ನೀವೇ ಮಾಡಿ. ಜಾಗದ ಹೆಸರು, ಸೂರ್ಯನೆಲ್ಲಿಯಿಂದ ಜೀಪ್, ಹೊರಡುವ ಸಮಯ, ಮೂರೂ ಬರಹದಲ್ಲಿ ಬೇಕು. ಗೆರೆ ಎಳೆದದ್ದು ಬೇಡ. ಸ್ವೆಟರ್ ಒಯ್ಯಿರಿ.

ಮೋಸ ಹೋದವರು ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕೇರಳಕ್ಕೆ ಓಡಬೇಕಿಲ್ಲ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಇದನ್ನು ಹೇಳಿದ್ದಕ್ಕೆ ಆ ಏಜೆಂಟ, "5,400ಕ್ಕೆ ಕೋರ್ಟಾ ಅಣ್ಣ? ನಾವು ನಾವೇ ಅಲ್ವಾ?" ಅಂದ. ಹೌದು, 5,400ಕ್ಕೇ.

ಇವತ್ತು ಬೆಳಿಗ್ಗೆ ಅದೇ ಪಿಡಿಎಫ್ ಇನ್ನೊಂದು ಗ್ರೂಪಿಗೆ ಬಂದಿದೆ. ತಲೆಗೆ 950 ಆಗಿದೆ. "ಜೀಪ್/ವಾಹನ" ಹಾಗೇ ಉಂಟು.