ಪೆರಿಯದಲ್ಲಿ ಎಂಎಸ್‌ಡಬ್ಲ್ಯೂ: ಗಡಿನಾಡಿನ ಕನ್ನಡದವರಿಗೆ ಹೇಗೆ?

ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆ ಕನ್ನಡ ಮೀಡಿಯಂನಲ್ಲಿ ಓದಿ, ಆಮೇಲೆ ಇದೇ ಜಿಲ್ಲೆಯ ಪೆರಿಯದಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಿದವಳು ನಾನು. ಇಲ್ಲಿನ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ ಶುರುವಾದದ್ದು 2009ರಲ್ಲಿ, ಪ್ರವೇಶ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ, ಪಾಠ ಇಂಗ್ಲಿಷಿನಲ್ಲಿ. ಕೇಸ್ ವರ್ಕ್, ಗ್ರೂಪ್ ವರ್ಕ್ ಥಿಯರಿಯೆಲ್ಲ ಎಲ್ಲಿ ಓದಿದರೂ ಹೆಚ್ಚುಕಡಿಮೆ ಅದೇ.

ಇಲ್ಲಿನ ನಿಜವಾದ ಗಳಿಕೆ ಫೀಲ್ಡ್‌ವರ್ಕ್. 2000ದವರೆಗೂ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಜಿಲ್ಲೆಯಲ್ಲವೇ ಇದು? ಫೀಲ್ಡ್‌ವರ್ಕಿಗೆಂದು ಹೋದ, ಆ ವಿಷದಿಂದ ಬಾಧಿತವಾದ ಎಣ್ಮಕಜೆ ಕಡೆಯ ಒಂದು ಮನೆಯಲ್ಲಿ, ದೊಡ್ಡವನಾದ ಮಗನ ಬಾಯಿಗೆ ಚಮಚದಲ್ಲಿ ಗಂಜಿ ಹಾಕುತ್ತಲೇ ಅಮ್ಮ ಉತ್ತರ ಕೊಡುತ್ತಿದ್ದರು. ಮಲಯಾಳದಲ್ಲಿ ಕೇಳಿದಷ್ಟು ಹೊತ್ತು ‘ಹೌದು’, ‘ಇಲ್ಲ’ ಮಾತ್ರ. ನಾನು ತುಳುವಿನಲ್ಲಿ ಶುರು ಮಾಡಿದೆ ನೋಡಿ, ಪಿಂಚಣಿ ಪಾಸ್‌ಬುಕ್ಕು, ಮಂಗಳೂರಿನ ಆಸ್ಪತ್ರೆ ಚೀಟಿಗಳು, ಎಲ್ಲಾ ಚಾಪೆ ಮೇಲೆ ಬಂದವು! ತೆಂಕಣ ಜಿಲ್ಲೆಗಳ ಸಹಪಾಠಿಗಳು ಬಾಯಿಬಿಟ್ಟು ನೋಡಿದರು.

ಆದರೆ ಪಂಚಾಯತ್ ಕಡತ ಹೆಚ್ಚಾಗಿ ಮಲಯಾಳದ್ದೇ. ಓದಲು ಬಾರದಿದ್ದರೆ ರಜೆಯಲ್ಲೇ ಕಲಿತು ಬನ್ನಿ. ಪೆರ್ಲದಿಂದ ದಿನಾ ಓಡಾಡುವ ಯೋಚನೆ ಬಿಡಿ. ನಾನಿದ್ದ ಪಿಜಿಯ ಸಾಂಬಾರಿನ ವಿಷಯ ಮಾತ್ರ ಕೇಳಬೇಡಿ.