ಷಷ್ಠಿ ವಿಭಕ್ತಿಯನ್ನು ಬಿಟ್ಟ ಲ್ಯಾಟಿನ್ ಫ್ಲ್ಯಾಶ್‌ಕಾರ್ಡ್ ಪೆಟ್ಟಿಗೆ: ದೀರ್ಘಕಾಲದ ಬಳಕೆಯ ನಂತರ

ಸಸ್ಯಗಳ ವೈಜ್ಞಾನಿಕ ಹೆಸರುಗಳನ್ನು ವ್ಯಾಕರಣಸಹಿತ ತಿಳಿದುಕೊಳ್ಳಬೇಕೆಂಬ ಆಸೆಯಿಂದ ಲ್ಯಾಟಿನ್ ನಾಮಪದಗಳ ಈ ಪೆಟ್ಟಿಗೆಯನ್ನು ವಿದೇಶದಿಂದ ತರಿಸಿಕೊಂಡೆ. ಕಾಗದ ದಪ್ಪವಾಗಿದೆ, ಅಚ್ಚು ಸ್ಫುಟವಾಗಿದೆ. ಆದರೆ ಕಾರ್ಡಿನ ಒಂದು ಬದಿಗೆ ಪ್ರಥಮಾ ವಿಭಕ್ತಿಯ ಏಕವಚನವನ್ನು, ಇನ್ನೊಂದು ಬದಿಗೆ ಇಂಗ್ಲಿಷ್ ಅರ್ಥವನ್ನು ಮಾತ್ರ ಮುದ್ರಿಸಿ, ಷಷ್ಠಿಯನ್ನೂ (‘ಒಡೆಯನ’ ಎಂಬಂಥ ರೂಪ) ಲಿಂಗವನ್ನೂ ಕೈಬಿಟ್ಟಿದ್ದಾರೆ. ಇದು ಸಣ್ಣ ಲೋಪವಲ್ಲ.

ದೊಮಿನುಸ್ ಎಂದರೆ ಒಡೆಯ, ಕೊರ್ಪುಸ್ ಎಂದರೆ ದೇಹ, ಮನುಸ್ ಎಂದರೆ ಕೈ. ಪ್ರಥಮೆಯಲ್ಲಿ ಮೂರರ ಕೊನೆಯೂ ಒಂದೇ. ಷಷ್ಠಿಯಲ್ಲಿ ಅವು ದೊಮಿನೀ, ಕೊರ್ಪೊರಿಸ್, ಮನೂಸ್ ಎಂದಾದಾಗಲೇ ವಿಭಕ್ತಿರೂಪಗಳ ಮಾದರಿಗೆ ತಕ್ಕಂತೆ ಮಾಡಿದ ಐದು ಶಬ್ದವರ್ಗಗಳಲ್ಲಿ ಯಾವುದು ಎಲ್ಲಿಗೆ ಸೇರಿದ್ದೆಂದು ತಿಳಿಯುತ್ತದೆ. ಲಿಂಗವೂ ಕ್ರಮವಾಗಿ ಪುಂ, ನಪುಂಸಕ, ಸ್ತ್ರೀ. ಅರ್ಥವನ್ನು ನೋಡಿ ಲಿಂಗ ಹೇಳುವ ಕನ್ನಡದ ಅಭ್ಯಾಸ ಇಲ್ಲಿ ನೆರವಿಗೆ ಬರುವುದಿಲ್ಲ. ಲ್ಯಾಟಿನ್ನಿನಲ್ಲಿ ವಿಶೇಷಣವು ನಾಮಪದದ ಲಿಂಗಕ್ಕೆ ಹೊಂದಿಕೊಳ್ಳುತ್ತದೆ: ಅಶ್ವತ್ಥದ ಹೆಸರು ಫೈಕಸ್ ರಿಲಿಜಿಯೋಸಾ ಎಂದಿರುವುದು ಫೈಕಸ್ ಸ್ತ್ರೀಲಿಂಗವಾದ್ದರಿಂದ. ಕರಿಮೆಣಸು ಪೈಪರ್ ನೈಗ್ರಮ್ ಆಗಿರುವುದು ಪೈಪರ್ ನಪುಂಸಕವಾದ್ದರಿಂದ. ಸಸ್ಯಕುಟುಂಬದ ಹೆಸರು ಹುಟ್ಟುವುದೂ ಷಷ್ಠಿಯ ಪ್ರಕೃತಿಯಿಂದಲೇ, ಅಂದರೆ ಪ್ರತ್ಯಯ ತೆಗೆದ ಮೂಲರೂಪದಿಂದಲೇ: ಸಲಿಕ್ಸ್ (ವಿಲೋ ಮರ) ಎಂಬುದರ ಷಷ್ಠಿ ಸಲಿಕಿಸ್ ಎಂದು ಗೊತ್ತಿಲ್ಲದವರಿಗೆ ಅದರ ಕುಟುಂಬದ ಹೆಸರಾದ ಸ್ಯಾಲಿಕೇಸಿಯಲ್ಲಿ ‘ಕ’ಕಾರ ಎಲ್ಲಿಂದ ಬಂತೆಂದು ಹೊಳೆಯಲಾರದು. ಇದನ್ನೆಲ್ಲ ಕಲಿಸಬೇಕಾದ ಕಾರ್ಡುಗಳೇ ಇದನ್ನು ಮುಚ್ಚಿಟ್ಟರೆ ಕೊಂಡವರು ಏನು ಮಾಡಬೇಕು?

ನಾನು ಕಾರ್ಡುಗಳ ಹಿಂಬದಿಯ ಖಾಲಿ ಜಾಗದಲ್ಲಿ ಕೈಯಿಂದಲೇ ಬರೆಯತೊಡಗಿದೆ. ರಾತ್ರಿ ಊಟವಾದ ಮೇಲೆ ಮೇಜು ಒರೆಸಿ, ನಿಘಂಟು ತೆರೆದು, ಪುಲ್ಲಿಂಗಕ್ಕೆ ನೀಲಿ, ಸ್ತ್ರೀಲಿಂಗಕ್ಕೆ ಕೆಂಪು, ನಪುಂಸಕಕ್ಕೆ ಹಸಿರು ಶಾಯಿಯಲ್ಲಿ ಷಷ್ಠಿಯನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ. ಎಣಿಸದ ಸಂತೋಷ ಸಿಕ್ಕಿದ್ದು ಇಲ್ಲಿಯೇ. ಲ್ಯಾಟಿನ್ನಿನಲ್ಲಿ ಸ್ವರದ ಹ್ರಸ್ವ-ದೀರ್ಘಗಳು ಅರ್ಥವನ್ನೂ ವಿಭಕ್ತಿಯನ್ನೂ ಬದಲಿಸುತ್ತವೆ. ರೋಮನ್ ಅಕ್ಷರಗಳಲ್ಲಿ ಅದನ್ನು ತೋರಿಸಲು ಮೇಲೊಂದು ಗೆರೆ ಎಳೆಯಬೇಕು, ಈ ಪೆಟ್ಟಿಗೆಯಲ್ಲಿ ಆ ಗೆರೆಗಳೂ ಇಲ್ಲ. ನಮ್ಮ ಲಿಪಿಯಲ್ಲಿ ಎಕಾರ-ಏಕಾರ, ಒಕಾರ-ಓಕಾರಗಳೂ ಬೇರೆಯಾಗಿರುವುದರಿಂದ ಪೊಪುಲುಸ್ ಎಂಬ ಜನಸಮುದಾಯವೂ ಪೋಪುಲುಸ್ ಎಂಬ ಪೋಪ್ಲರ್ ಮರವೂ ಬರೆದೊಡನೆ ಬೇರ್ಪಡುತ್ತವೆ. ಹಾಗೆ ಬರೆದು ಗಟ್ಟಿಯಾಗಿ ಓದಿದ ಶಬ್ದಗಳು ನನಗೆ ಮರೆತಿಲ್ಲ.

ಪುನರಾವರ್ತನೆಗೆ ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ಖಾನೆಗಳ ಕ್ರಮವನ್ನು ಅನುಸರಿಸುತ್ತೇನೆ: ಸರಿಯಾಗಿ ಹೇಳಿದ ಕಾರ್ಡು ಮುಂದಿನ ಖಾನೆಗೆ, ತಪ್ಪಿದ್ದು ಮೊದಲನೆಯದಕ್ಕೆ. ಷಷ್ಠಿ ಮತ್ತು ಲಿಂಗ ಎರಡನ್ನೂ ಹೇಳದೆ ಯಾವ ಕಾರ್ಡನ್ನೂ ಮುಂದೆ ಸರಿಸುವುದಿಲ್ಲ. ಆಂಕಿಯಂಥ ತಂತ್ರಾಂಶ ಈ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ, ಆಂಡ್ರಾಯ್ಡ್ ಫೋನಿನಲ್ಲಿ ಉಚಿತವೂ ಹೌದು. ಆದರೆ ರಾತ್ರಿ ಫೋನು ಮುಟ್ಟದ ನನಗೆ ಕಾಗದವೇ ಹಿತ.

ಸಾಗಣೆ ವೆಚ್ಚ ಸೇರಿಸಿ ಇಷ್ಟು ಹಣ ಕೊಟ್ಟು ಇದನ್ನೇ ತರಿಸಿಕೊಳ್ಳಿ ಎಂದು ನಾನು ಹೇಳಲಾರೆ. ಸ್ಟೇಷನರಿ ಅಂಗಡಿಯ ಖಾಲಿ ಕಾರ್ಡುಗಳು, ಮೂರು ಬಣ್ಣದ ಪೆನ್ನುಗಳು ಮತ್ತು ದೀರ್ಘಸ್ವರಗಳನ್ನು ಗುರುತಿಸುವ ಒಂದು ನಿಘಂಟು ಇದ್ದರೆ ಇದಕ್ಕಿಂತ ಉತ್ತಮವಾದ ಪೆಟ್ಟಿಗೆಯನ್ನು ನೀವೇ ಮಾಡಿಕೊಳ್ಳಬಹುದು.