ಬೇಸಿಗೆಯಲ್ಲಿ ತತ್ತಿ ಪೆಟ್ಟಿಗೆ ಕೊಳ್ಳುವವರು ಇದನ್ನು ಓದಿ

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಮನೆಯಲ್ಲಿ ಜವಾರಿ ಕೋಳಿ ಸಾಕುವವರೇ, ಮರಿ ಮಾಡಿಸೋಕೆ ಅಂತ ಥರ್ಮಾಕೋಲಿನ ಇನ್ಕ್ಯುಬೇಟರನ್ನು, ಅಂದರೆ ತತ್ತಿಗೆ ಕಾವು ಕೊಡುವ ಕರೆಂಟಿನ ಪೆಟ್ಟಿಗೆಯನ್ನು, ಬೇಸಿಗೆಯಲ್ಲಿ ಕೊಳ್ಳಲೇಬೇಡಿ. ನಾವು ಏಪ್ರಿಲ್‌ನಲ್ಲಿ ತಂದೆವು. ಮಾರಿದವನು ಹೇಳಿದ್ದು ಇಷ್ಟೇ: "ತತ್ತಿ ಇಟ್ಟು ಪ್ಲಗ್ ಹಾಕ್ರಿ ಅಕ್ಕಾರ. ಕಾವು ಜಾಸ್ತಿ ಆದ್ರ ಬಲ್ಬ್ ತಾನಾ ಆರ್ತದ. ಮುಂದೇನೂ ನೋಡೋದು ಬ್ಯಾಡ."

ಬಲ್ಬ್ ಆರುತ್ತದೆ, ನಿಜ. ಆದರೆ ಪೆಟ್ಟಿಗೆಯಲ್ಲಿ ಇರುವುದು ಬಿಸಿ ಮಾಡುವ ಬಲ್ಬು, ಗಾಳಿ ತಿರುಗಿಸುವ ಪುಟ್ಟ ಫ್ಯಾನು, ಅಷ್ಟೇ. ತಂಪು ಮಾಡುವಂಥದ್ದು ಏನೂ ಇಲ್ಲ. ತತ್ತಿಗೆ ಬೇಕಾದ ಕಾವು 37.5 ಡಿಗ್ರಿ. ನಮ್ಮ ಕಡೆ ತಗಡಿನ ಮನೆ ಮಧ್ಯಾಹ್ನ ಒಳಗೇ 40 ದಾಟುತ್ತದೆ. ಕೋಣೆಯೇ ಅಷ್ಟು ಕಾದಾಗ ಪೆಟ್ಟಿಗೆ ಎಲ್ಲಿ ಇಳಿಯುತ್ತದೆ? ಕೊನೆಯ ವಾರದಲ್ಲಂತೂ ಬೆಳೆದ ಮರಿಯ ಮೈಬಿಸಿಯೂ ಅದಕ್ಕೆ ಸೇರುತ್ತದೆ.

ರಾತ್ರಿ ಇನ್ನೊಂದು ಕಥೆ. ಕಾವು ಅಳೆಯುವ ಸೆನ್ಸರ್ ವೈರನ್ನು ಗಾಳಿ ತೂತಿನ ಬಾಯಲ್ಲೇ ಅಂಟಿಸಿದ್ದರು. ಹೊರಗಿನ ತಂಪು ಗಾಳಿ ಅದಕ್ಕೆ ತಾಗಿ, ಒಳಗೆ ಎಷ್ಟೇ ಕಾದರೂ ಬಲ್ಬ್ ಉರಿಯುತ್ತಲೇ ಇತ್ತು. ಪೆಟ್ಟಿಗೆ ಮೇಲೆ ಕೆಂಪು ಅಂಕಿಯಲ್ಲಿ 37.5 ಅಂತ ಕಾಣುತ್ತಿತ್ತು. ಅನುಮಾನ ಬಂದು ಜ್ವರ ನೋಡುವ ಥರ್ಮಾಮೀಟರನ್ನು ತತ್ತಿ ಪಕ್ಕ ಇಟ್ಟೆ. ಅದು ಫ್ಯಾರನ್‌ಹೀಟ್ ಲೆಕ್ಕದಲ್ಲಿ 103 ತೋರಿಸಿತು. ಆ ಲೆಕ್ಕದಲ್ಲಿ ಇರಬೇಕಾದದ್ದು 99.5.

ಏಳನೇ ದಿನ ಟಾರ್ಚ್ ಹಿಡಿದರೆ ಬದುಕಿರುವ ತತ್ತಿಯಲ್ಲಿ ಜೇಡರ ಬಲೆಯ ಹಾಗೆ ಕೆಂಪು ನರ ಹರಡಿರುತ್ತದೆ. ನಮ್ಮವುಗಳಲ್ಲಿ ಎಷ್ಟೋ ತತ್ತಿಗೆ ಬರೀ ರಕ್ತದ ಉಂಗುರ ಇತ್ತು. ಒಳಗೆ ಜೀವ ಹೋಗಿದೆ ಅಂತ ಅರ್ಥ. ಉಳಿದ ಕೆಲವು 21 ದಿನ ತುಂಬುವ ಮೊದಲೇ ಒಡೆದವು. ಮರಿ ಸಣ್ಣವು. ಹೊಕ್ಕಳು ಮುಚ್ಚಿರಲೇ ಇಲ್ಲ, ಒದ್ದೆಯಾಗಿ ಕೆಂಪಗಿತ್ತು. ಕಾಲೂರೋಕೂ ಆಗದೆ ಮಗ್ಗುಲಿಗೆ ಬಿದ್ದು ಚೀಂಯ್ ಚೀಂಯ್ ಅನ್ನುತ್ತಿದ್ದವು. ಒಂದೂ ಉಳಿಯಲಿಲ್ಲ. ಆ ಸಂಕಟ ಯಾರಿಗೂ ಬೇಡ.

ಕೇಳೋಕೆ ಹೋದರೆ ಪೆಟ್ಟಿಗೆ ಮಾರಿದವನು "ನಿಮ್ಮ ಹುಂಜನೇ ಸರಿಯಿಲ್ರಿ" ಅಂದ. ಅದೇ ಹುಂಜದ ತತ್ತಿಯನ್ನು ಪಕ್ಕದ ಮನೆ ಅತ್ತೆಮ್ಮ ಕಾವಿಗೆ ಕೂತ ಹ್ಯಾಟೆ ಕೆಳಗೆ ಇಟ್ಟಿದ್ದರು. ಬಹುಪಾಲು ಎಲ್ಲ ಮರಿಯಾದವು! ಸೆಕೆಯಾದರೆ ಕೋಳಿ ತತ್ತಿ ಬಿಟ್ಟು ಎದ್ದು ನಿಲ್ಲುತ್ತದೆ, ಪೆಟ್ಟಿಗೆಗೆ ಅದು ಗೊತ್ತಾಗಲ್ಲ. ಬಿಲ್ ಕೊಟ್ಟಿರಲಿಲ್ಲ, ದುಡ್ಡೂ ವಾಪಸ್ ಬರಲಿಲ್ಲ.

ಇನ್ನೊಂದು ವಿಷಯ. ಅದೇ ಅಂಗಡಿ ಕಪಾಟಿನಲ್ಲಿ "ಮರಿಯಾಗುವ ತತ್ತಿ" ಅಂತಲೂ ಮಾರುತ್ತಾರೆ, ತಗೋಬೇಡಿ. ಸುಮಾರು 20 ಡಿಗ್ರಿ ದಾಟಿದ ಜಾಗದಲ್ಲಿ ಬಹಳ ದಿನ ಇದ್ದರೆ ತತ್ತಿಯೊಳಗೆ ಬೆಳವಣಿಗೆ ಅರೆಬರೆ ಶುರುವಾಗಿ ಆಮೇಲೆ ಸತ್ತುಹೋಗಬಹುದು. ಬಿಸಿಲಿಗೆ ಕಾದ ಅಂಗಡಿಯಲ್ಲಿ ದಿನಗಟ್ಟಲೆ ಇದ್ದದ್ದು ಏನಾಗಬೇಕು ಹೇಳಿ?

ಈಗಾಗಲೇ ಪೆಟ್ಟಿಗೆ ತಂದಿದ್ದರೆ ಮಳೆ ಬಿದ್ದು ತಂಪಾಗುವ ತನಕ ಕಾಯಿರಿ. ಮನೆಯಲ್ಲಿ ತಂಪಾದ ಕೋಣೆ ಯಾವುದೋ ಅಲ್ಲಿಡಿ, ಮಣ್ಣಿನ ಮಾಳಿಗೆ ಇದ್ದರೆ ಬಹಳ ಒಳ್ಳೆಯದು. ತತ್ತಿ ಇಡುವ ಮುಂಚೆ ಒಂದು ಹಗಲು, ಒಂದು ರಾತ್ರಿ ಖಾಲಿ ಓಡಿಸಿ, ಜ್ವರದ ಥರ್ಮಾಮೀಟರ್ ಒಳಗಿಟ್ಟು ನೋಡಿ. ಪ್ರತಿ ಸಲ ಪಾದರಸ ಕೊಡವಿ ಇಳಿಸೋದು ಮರೆಯಬೇಡಿ, ಇಲ್ಲದಿದ್ದರೆ ಹಳೇ ಅಂಕಿಯೇ ಕಾಣುತ್ತದೆ.